ಎಂಬತ್ತು ಎಣಿಸುವಷ್ಟು ಬಿಸಿಲು

ರಾತ್ರಿ ಊಟ ಮುಗಿದು ಅಡುಗೆಮನೆಯ ಪಾತ್ರೆಗಳ ಸದ್ದು ಅಡಗಿದ ಮೇಲೆ ನಮ್ಮ ಮನೆಯ ಉಗ್ರಾಣದಲ್ಲಿ ಹಳದಿ ಬಲ್ಬು ಹೊತ್ತಿಕೊಳ್ಳುತ್ತದೆ. ಜೋನಿಬೆಲ್ಲದ ಡಬ್ಬ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಗೋಡೆಗೆ ಒರಗಿದ ಅಡಿಕೆ ಮೂಟೆ, ಇವುಗಳ ನಡುವೆ ಮಣೆ ಹಾಕಿಕೊಂಡು ಅತ್ತಿಗೆ ಕೂರುತ್ತಾರೆ. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಮಡಿಸಿ ತುರುಕಿದ ಗೋಣಿಚೀಲ. ಹಂಚಿನ ಸಂದಿಯಿಂದ ಬೆಳದಿಂಗಳು ಇಳಿಯುವ ಜಾಗವನ್ನೂ ಅಣ್ಣ ಹೋದ ವರ್ಷವೇ ರಟ್ಟು ಬಡಿದು ಮುಚ್ಚಿದ್ದಾನೆ. ಆ ಕೋಣೆಗೆ ಈಗ ಬೆಳಕು ಬರುವುದು ಅತ್ತಿಗೆ ಕರೆದಾಗ ಮಾತ್ರ. ಅದೂ ಹಳದಿಯಾಗಿ.

ಅವರ ಮುಂದೆ 12 ಇಂಚು ಅಗಲ, 16 ಇಂಚು ಉದ್ದದ ಮರದ ಚೌಕಟ್ಟು. ಅದಕ್ಕೆ ಬಿಗಿದು ಮೊಳೆ ಹೊಡೆದ ಬಿಳಿಯ ಪಾಲಿಯೆಸ್ಟರ್ ಬಲೆ. ಮೊದಲು ಬೆರಳ ಗೆಣ್ಣಿನಿಂದ ಬಲೆಯನ್ನೊಮ್ಮೆ ತಟ್ಟುತ್ತಾರೆ, ಮದ್ದಳೆಯವರು ಆಟಕ್ಕೆ ಮುಂಚೆ ತಟ್ಟಿ ಶ್ರುತಿ ನೋಡುವ ಹಾಗೆ. ‘ಡಬ್’ ಎಂದರೆ ಸಡಿಲ, ‘ಟಣ್’ ಎಂದರೆ ಸರಿ. ಸಡಿಲವಿದ್ದರೆ ಆ ರಾತ್ರಿ ಕೆಲಸವಿಲ್ಲ. ಬಲೆ ಜೋತರೆ ಅಕ್ಷರವೂ ಜೋಲುತ್ತದೆ.

ಟಣ್ ಎಂದಿತು. ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಜೋನಿಬೆಲ್ಲದಷ್ಟೇ ಮಂದವಾದ, ಹಸಿರು ಬಣ್ಣದ ಎಮಲ್ಷನ್. ಸಂಜೆಯೇ ಅದಕ್ಕೆ ಸಣ್ಣ ಶೀಷೆಯ ಸೆನ್ಸಿಟೈಸರನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಗುಳ್ಳೆ ಇಳಿಯಲಿ ಎಂದು ಮುಚ್ಚಿಟ್ಟಿದ್ದರು. ಈಗ ಚೌಕಟ್ಟನ್ನು ಓರೆಯಾಗಿ ನಿಲ್ಲಿಸಿ, ಅಗಲದ ಪ್ಲಾಸ್ಟಿಕ್ ಸ್ಕೇಲಿನ ಅಂಚಿನಲ್ಲಿ ಎಮಲ್ಷನ್ ತೆಗೆದುಕೊಂಡು, ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಎಳೆದರು. ನಡುವೆ ಕೈ ನಿಂತರೆ ಅಲ್ಲೊಂದು ದಪ್ಪ ಗೆರೆ ಕೂರುತ್ತದೆ, ದಪ್ಪ ಇದ್ದಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಚೌಕಟ್ಟನ್ನು ತಿರುಗಿಸಿ ಒಳಮುಖಕ್ಕೂ ಒಂದು ಪದರ ಕೊಟ್ಟರು. ಬಿಳಿಯ ಬಲೆ ಎಳೆಬಾಳೆಯ ಎಲೆಯಂತೆ ತೆಳ್ಳಗೆ, ಮಿರಮಿರನೆ ಹಸಿರಾಯಿತು. ಅದನ್ನು ಎರಡು ಇಟ್ಟಿಗೆಗಳ ಮೇಲೆ ಮಲಗಿಸಿ, ದೂರದಿಂದ ಫ್ಯಾನು ತಿರುಗಿಸಿ, ದೀಪ ಆರಿಸಿ ಬಾಗಿಲು ಹಾಕಿಕೊಂಡೆವು. ಬೆಳಗಿನವರೆಗೆ ಉಗ್ರಾಣಕ್ಕೆ ಯಾರೂ ಕಾಲಿಡುವಂತಿಲ್ಲ. ಉಪ್ಪಿನಕಾಯಿ ಬೇಕಿದ್ದರೆ ಊಟಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಸಾಗರ ಸೀಮೆಯ ಈ ಹಳೆಯ ಮನೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಶುರುವಾದದ್ದು ತಾಂಬೂಲದ ಚೀಲದಿಂದ. ಮದುವೆಗೆ ಬಂದವರ ಕೈಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಹಾಕಿ ಕೊಡುವ ಚೀಲ ಒಂದು ಕಾಲಕ್ಕೆ ಪ್ಲಾಸ್ಟಿಕ್ಕಿನದಾಗಿತ್ತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಹೊಲಿಗೆ ಗೊತ್ತಿದ್ದ ಅತ್ತಿಗೆ ಆಗ ಹಳದಿ ಕಾಟನ್ ಬಟ್ಟೆ ತಂದು ಚೀಲ ಹೊಲಿದುಕೊಡತೊಡಗಿದರು. ವರ್ಷದೊಳಗೆ ಕೊಂಡವರೆಲ್ಲ ಕೇಳಿದ್ದು ಒಂದೇ ಮಾತು: ‘ಹುಡುಗ-ಹುಡುಗಿ ಹೆಸರೂ ಹಾಕಿಸಿಕೊಡ್ತೀರಾ?’ ಶಿವಮೊಗ್ಗದಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದ ಹಿರಿಯರೊಬ್ಬರ ಬಳಿ ಎಂಟು ದಿನ ಹೋಗಿ ಬಂದರು. ಒಂಬತ್ತನೆಯ ದಿನ ನಮ್ಮ ಉಗ್ರಾಣದ ಕಿಟಕಿಗೆ ಕಂಬಳಿ ಬಿತ್ತು.

ಈ ಸಲ ಬಂದಿದ್ದು 300 ಚೀಲದ ಕೆಲಸ. ಡಿಟಿಪಿ ಅಂಗಡಿಯವನು ‘ನುಡಿ’ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿ, ಟ್ರೇಸಿಂಗ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆದುಕೊಟ್ಟಿದ್ದ. ಈ ಕಸುಬಿನಲ್ಲಿ ಅದಕ್ಕೆ ಪಾಸಿಟಿವ್ ಎನ್ನುತ್ತಾರೆ. ಮೇಲೆ ಒಂದು ಕಳಸ, ನಡುವೆ ವಧೂವರರ ಹೆಸರು, ಕೆಳಗೆ ಮಾವಿನೆಲೆಯ ತೋರಣ. ಟ್ರೇಸಿಂಗ್ ಪೇಪರ್ ಸಿಗದ ದಿನಗಳಲ್ಲಿ ಸಾದಾ ಕಾಗದದ ಮೇಲಿನ ಪ್ರಿಂಟಿಗೆ ತೆಂಗಿನೆಣ್ಣೆ ಸವರಿ, ಒರೆಸಿ, ಬೆಳಕು ಹಾಯುವ ಹಾಗೆ ಮಾಡಿಕೊಂಡದ್ದೂ ಉಂಟು. ಕಾಗದ ಯಾವುದೇ ಇರಲಿ, ಕಪ್ಪು ಮಾತ್ರ ಕಪ್ಪಗೇ ಇರಬೇಕು. ಅತ್ತಿಗೆ ಅದನ್ನು ಸೂರ್ಯನ ಎದುರು ಹಿಡಿದು ನೋಡುತ್ತಾರೆ. ಅಕ್ಷರದೊಳಗೆ ಸೂಜಿಮೊನೆಯಷ್ಟು ಬೆಳಕು ಕಂಡರೂ ಇನ್ನೊಂದು ಪ್ರತಿ ತೆಗೆಸಿ, ಎರಡನ್ನೂ ಕೂದಲೆಳೆ ತಪ್ಪದಂತೆ ಒಂದರ ಮೇಲೊಂದು ಕೂಡಿಸಿ ಅಂಟಿಸುತ್ತಾರೆ.

ಮರುದಿನ ಮಧ್ಯಾಹ್ನ ಹನ್ನೆರಡು. ಫೆಬ್ರುವರಿಯ ಬಿಸಿಲು ಅಂಗಳದ ನಡುಮಧ್ಯಕ್ಕೆ ಬಂದಿತ್ತು. ಹಲಸಿನ ಮರದ ನೆರಳು ತನ್ನ ಬುಡಕ್ಕೇ ಸುತ್ತಿಕೊಂಡಿತ್ತು. ಅಂಗಳದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಕರಿಬಟ್ಟೆ ಹೊದಿಸಿದ ಹಲಗೆ. ಅತ್ತಿಗೆ ಉಗ್ರಾಣದೊಳಗೇ ಚೌಕಟ್ಟಿನ ಒಳಮುಖಕ್ಕೆ ಸ್ಪಂಜಿನ ತುಂಡು ತುಂಬಿ, ಹೊರಮುಖದ ಮೇಲೆ ಪಾಸಿಟಿವನ್ನು ಮಗುಚಿ ಇಟ್ಟು, ಅದರ ಮೇಲೆ ಗಾಜು ಒತ್ತಿ, ನಾಲ್ಕು ಕಡೆ ಕ್ಲಿಪ್ಪು ಹಾಕಿ, ಒಟ್ಟಿಗೆ ಕಪ್ಪು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಎಳೆಮಗುವನ್ನು ಎತ್ತಿಕೊಂಡು ಬರುವವರ ನಡಿಗೆ ಅದು. ಮೇಲಿನಿಂದ ನೋಡಿದಾಗ ಅಕ್ಷರ ಉಲ್ಟಾ ಕಾಣಬೇಕು, ಕಪ್ಪು ಮುಖ ಎಮಲ್ಷನ್ನಿಗೆ ತಾಗಿ ಕೂತಿರಬೇಕು. ನಡುವೆ ಕಾಗದದಷ್ಟು ಸಂದಿ ಉಳಿದರೂ ಬೆಳಕು ಅಲ್ಲಿ ಓರೆಯಾಗಿ ನುಗ್ಗುತ್ತದೆ.

‘ಸಿದ್ಧನಾ ಪುಟ್ಟ?’

‘ಹ್ಞೂಂ ಅಮ್ಮ.’

ಕಂಬಳಿ ಸರಿಯಿತು. ಪುಟ್ಟ ಎಣಿಸತೊಡಗಿದ. ಅತ್ತಿಗೆಯ ಕೈಯಲ್ಲಿ ಮೊಬೈಲಿನ ಗಡಿಯಾರವೂ ಓಡುತ್ತಿತ್ತು. ಆದರೆ ಈ ಮನೆಯಲ್ಲಿ ಬಿಸಿಲಿನ ಲೆಕ್ಕ ಹೇಳುವುದು ಮೂರನೇ ಕ್ಲಾಸಿನ ಹುಡುಗನ ಹಕ್ಕು. ಒಂದು, ಎರಡು, ಮೂರು... ಅಂಗಳದಲ್ಲಿ ಬೇರೆ ಸದ್ದಿಲ್ಲ. ಮೂವತ್ತು ದಾಟುವಾಗ ಗಾಜಿನಡಿಯ ಹಸಿರು ತುಸು ಮಾಸಿದಂತೆ ಕಂಡಿತು. ಐವತ್ತು, ಅರವತ್ತು. ಎಪ್ಪತ್ತಾದಾಗ ಅತ್ತಿಗೆ ಬಾಗಿ ಕಂಬಳಿಯ ಎರಡು ತುದಿ ಹಿಡಿದರು. ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಂಬತ್ತು. ಕಂಬಳಿ ಬಿತ್ತು.

ಆ ಎಂಬತ್ತು ಎಣಿಕೆಯಲ್ಲಿ ನಡೆದದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಎಮಲ್ಷನ್ನಿನಲ್ಲಿ ಇರುವುದು ಮುಖ್ಯವಾಗಿ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಅಂಟು. ನೀರು ಕಂಡರೆ ಕರಗುವ ಸ್ವಭಾವ ಅದರದು. ಅದಕ್ಕೆ ಬೆರೆಸಿದ ಸೆನ್ಸಿಟೈಸರ್ ಡಯಾಜೊ ಎಂಬ ರಾಸಾಯನಿಕ. ಬಿಸಿಲಿನ ನೇರಳಾತೀತ ಕಿರಣ, ನೀಲಿಯಂಚಿನ ಬೆಳಕು ತಾಗಿದ ಕೂಡಲೇ ಡಯಾಜೊ ಒಡೆದು, ಅಂಟಿನ ಬಿಡಿಬಿಡಿ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೆಣೆದುಕೊಂಡ ಮೇಲೆ ಅದು ನೀರಿಗೆ ಕರಗುವುದಿಲ್ಲ. ಹಳದಿ ಬೆಳಕಿಗೆ ಈ ಕೆಲಸ ಮಾಡುವ ಕಸುವಿಲ್ಲ. ಹಾಗಾಗಿಯೇ ಉಗ್ರಾಣದಲ್ಲಿ ಹಳದಿ ಬಲ್ಬು. ಇತ್ತ ಕಪ್ಪಕ್ಷರದ ಅಡಿಯಲ್ಲಿ, ಬಿಸಿಲೇ ತಾಗದ ಜಾಗದಲ್ಲಿ, ಎಮಲ್ಷನ್ ನಿನ್ನೆ ರಾತ್ರಿ ಇದ್ದ ಹಾಗೆಯೇ ಮೆತ್ತಗೆ ಉಳಿದಿರುತ್ತದೆ.

ಬಚ್ಚಲುಮನೆಯ ಮಬ್ಬಿನಲ್ಲಿ ಚೌಕಟ್ಟನ್ನು ನಿಲ್ಲಿಸಿ ಎರಡೂ ಮುಖಕ್ಕೆ ತಣ್ಣೀರು ಎರಚಿದರು. ಮೊದಲ ಅರ್ಧ ನಿಮಿಷ ಏನೂ ಇಲ್ಲ, ಬರೀ ಹಸಿರು ಹಾಳೆ. ಅನಂತರ ಅಕ್ಷರದ ಜಾಗ ಸ್ವಲ್ಪ ಉಬ್ಬಿತು, ಬಣ್ಣ ತಿಳಿಯಾಯಿತು. ಹೂಗಿಡಕ್ಕೆ ನೀರು ಹೊಡೆಯುವ ಸಣ್ಣ ಪಂಪಿನಿಂದ ಅತ್ತಿಗೆ ಮೆಲ್ಲಗೆ ನೀರು ಚಿಮುಕಿಸಿದರು. ಕಳಸದ ಬಾಯಿ ಮೊದಲು ತೆರೆಯಿತು. ತೆರೆದ ಕಿಂಡಿಯಿಂದ ನೀರು ಆಚೆಗೆ ಹಾರಿತು. ತೋರಣದ ಎಲೆ ಒಂದೊಂದಾಗಿ ಬಿಡಿಸಿಕೊಂಡಿತು. ಹಸಿರು ಲೋಳೆ ಸಣ್ಣ ಎಳೆಯಾಗಿ ಜಾರಿ ಹೋದಲ್ಲೆಲ್ಲ ಬಿಳಿಯ ಬಲೆ ಕಂಡಿತು. ಚೌಕಟ್ಟನ್ನು ಕಿಟಕಿಗೆ ಹಿಡಿದರೆ ವಧುವಿನ ಹೆಸರು ಬೆಳಕಾಗಿ ನಿಂತಿತ್ತು.

ಎಷ್ಟು ಸಲ ನೋಡಿದರೂ ನನಗೆ ಈ ಗಳಿಗೆ ಹಳತಾಗಿಲ್ಲ. ಬಿಸಿಲು ಕಂಡದ್ದು ಗಟ್ಟಿಯಾಗಿ ಮುಚ್ಚಿಕೊಂಡಿತು. ಬಿಸಿಲು ಕಾಣದೆ ನೆರಳಲ್ಲಿ ಉಳಿದದ್ದು ಬಾಗಿಲಾಯಿತು. ಮುಂದೆ ಬಣ್ಣ ಇಳಿಯುವುದು ಆ ಬಾಗಿಲಿಂದಲೇ. ಅಕ್ಷರ ಬರೆದದ್ದು ಬೆಳಕೇ ಎಂದು ನಾನು ಮೊದಲು ತಿಳಿದಿದ್ದೆ. ಹತ್ತಿರ ಕೂತು ನೋಡಿದ ಮೇಲೆ ಗೊತ್ತಾಯಿತು, ಬೆಳಕು ಕಟ್ಟುವುದು ಗೋಡೆಯನ್ನು, ಅಕ್ಷರವನ್ನು ಕಾಯುವುದು ನೆರಳು. ಎರಡರಲ್ಲಿ ಯಾವುದು ಹೆಚ್ಚಾದರೂ ಓದಲು ಏನೂ ಉಳಿಯುವುದಿಲ್ಲ.

ಹೆಚ್ಚು ಕಡಿಮೆ ಎಂಬುದರ ಅಳತೆಯನ್ನು ಅತ್ತಿಗೆ ಕಂಡುಕೊಂಡದ್ದು ಎರಡು ಪದಗಳಿಂದ. ಒಂದು ‘ಪಾಠ’, ಇನ್ನೊಂದು ‘ವಧು’. ಹೊಸ ಡಬ್ಬಿ ಒಡೆದಾಗಲೆಲ್ಲ ಒಂದು ಸಣ್ಣ ಚೌಕಟ್ಟಿನ ಮೇಲೆ ಇವೆರಡು ಪದಗಳನ್ನು ಸಾಲಾಗಿ ಆರು ಸಲ ಇಡುತ್ತಾರೆ. ಬಿಸಿಲಿಗೆ ಒಡ್ಡಿ, ಇಪ್ಪತ್ತು ಎಣಿಕೆಗೊಮ್ಮೆ ರಟ್ಟನ್ನು ಒಂದೊಂದು ಪಟ್ಟಿ ಮುಂದಕ್ಕೆ ಸರಿಸುತ್ತಾರೆ. ಮೊದಲ ಪಟ್ಟಿಗೆ ಸಿಕ್ಕಿದ್ದು 20 ಸೆಕೆಂಡು, ಕೊನೆಯದಕ್ಕೆ 120. ತೊಳೆದ ಮೇಲೆ ಆರು ಪಟ್ಟಿಯೂ ಆರು ಕತೆ ಹೇಳುತ್ತವೆ. ಇಪ್ಪತ್ತರದ್ದು ಪೂರ್ತಿ ಕೊಚ್ಚಿಹೋಗಿರುತ್ತದೆ. ನಲವತ್ತರದ್ದರಲ್ಲಿ ‘ಪಾ’ ಇದೆ, ‘ಠ’ ಬರೀ ಒಂದು ಗುಂಡು ಕಿಂಡಿ. ‘ಠ’ ಎಂದರೆ ವೃತ್ತ, ಅದರೊಳಗೊಂದು ಚುಕ್ಕಿ. ವೃತ್ತಕ್ಕೂ ಚುಕ್ಕಿಗೂ ನಡುವೆ ಉಂಗುರದಂಥ ಎಮಲ್ಷನ್ ನಿಲ್ಲಬೇಕು. ಬಿಸಿಲು ಸಾಲದೆ ಅದು ಗಟ್ಟಿಯಾಗದೆ ನೀರಿಗೆ ಹೋಗಿರುತ್ತದೆ. ಎಂಬತ್ತರ ಪಟ್ಟಿಯಲ್ಲಿ ಉಂಗುರ ನಿಂತಿದೆ, ಚುಕ್ಕಿ ತೆರೆದಿದೆ. ನೂರರಲ್ಲಿ ಎಲ್ಲ ಗೆರೆಯೂ ತುಸು ಸಣಕಲು. ನೂರಿಪ್ಪತ್ತರಲ್ಲಿ ‘ಠ’ ಇನ್ನೂ ಇದೆ, ಆದರೆ ‘ಧು’ ಹೋಗಿ ‘ದು’ ಆಗಿದೆ. ‘ಧ’ದ ಬುಡದ ಸಣ್ಣ ಸೀಳಿನ ಮೇಲೆ ಎಮಲ್ಷನ್ ಬಲಿತು ಮುಚ್ಚಿಕೊಂಡಿದೆ.

ಆ ಪಟ್ಟಿಯನ್ನು ಮೊದಲ ಸಲ ನನ್ನ ಅಮ್ಮನಿಗೆ ತೋರಿಸಿದಾಗ ಅವಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ಅವಳು. ‘ಹೋಗಿರೋದು ಎರಡೂ ಮಹಾಪ್ರಾಣವೇ ಕಣೆ. ಬಿಸಿಲು ಕಡಿಮೆಯಾದರೆ ಠಕಾರ ಹೋಗತ್ತೆ, ಹೆಚ್ಚಾದರೆ ಧಕಾರ ಹೋಗತ್ತೆ’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಸ್ಕ್ರೀನಿಗೆ ಪರೀಕ್ಷೆ ಅಮ್ಮನದು. ತೊಳೆದ ಕೂಡಲೇ ಅತ್ತಿಗೆ ‘ಅತ್ತೆ, ಇದೊಂದು ಓದಿ’ ಎಂದು ಚೌಕಟ್ಟು ಹಿಡಿಯುತ್ತಾರೆ. ಅಮ್ಮ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಜೋರಾಗಿ ಓದುತ್ತಾಳೆ, ಉಸಿರು ಬೇಕಾದಲ್ಲಿ ಉಸಿರು ಕೊಟ್ಟು.

ಈ ಪದ್ಧತಿ ಬಂದದ್ದಕ್ಕೂ ಕಾರಣವಿದೆ. ಮೂರು ವರ್ಷದ ಹಿಂದೆ, ಸ್ಕ್ರೀನನ್ನು ಬಿಸಿಲಿಗೆ ಇಟ್ಟಿದ್ದಾಗ ಅಡಿಕೆ ವ್ಯಾಪಾರದವರು ಬಂದರೆಂದು ನಾನು ಮಾತಿಗೆ ನಿಂತೆ. ಕಂಬಳಿ ಹೊದಿಸುವ ಹೊತ್ತಿಗೆ ಎರಡು ನಿಮಿಷ ಮೀರಿತ್ತು. ತೊಳೆದಾಗ ಎಲ್ಲ ಸರಿ ಇರುವಂತೆ ಕಂಡಿತು. ನಲವತ್ತು ಚೀಲ ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿದ್ದಾಗ ಅಮ್ಮ ಹಿತ್ತಿಲಿಗೆ ಹೋಗುವವಳು ನಿಂತಳು. ‘ಇದೇನು, ವದು ಅಂತ ಇದೆಯಲ್ಲ?’ ನಲವತ್ತರಲ್ಲೂ ‘ಚಿ. ವದು’. ಮದುವೆಗೆ ಮೂರೇ ದಿನ ಇತ್ತು, ಮತ್ತೆ ಹೊಲಿಯಲು ಬಟ್ಟೆ ಇರಲಿಲ್ಲ. ಅತ್ತಿಗೆ ಅದೇ ಕೆಂಪು ಬಣ್ಣವನ್ನು ಬಟ್ಟಲಲ್ಲಿ ಕದಡಿ ಕೊಟ್ಟರು. ಅಮ್ಮ ಸಣ್ಣ ಕುಂಚ ಹಿಡಿದು ಜಗಲಿಯಲ್ಲಿ ಕೂತು ನಲವತ್ತು ‘ದ’ಗಳ ಬುಡಕ್ಕೂ ಒಂದೊಂದು ಸೀಳು ಎಳೆದಳು, ಮಕ್ಕಳ ಕಾಪಿಪುಸ್ತಕ ತಿದ್ದಿದ ಅದೇ ಕೈಯಿಂದ. ಬಲೆಯ ಅಕ್ಷರ ಯಾವುದು, ಕೈಯ ಸೀಳು ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು.

ಎಡವಟ್ಟು ಆದದ್ದು ಹೇಗೆಂದು ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆವು. ಬಟ್ಟೆಯ ಕೆಲಸಕ್ಕೆ ನಾವು ಬಳಸುವುದು 43 ನಂಬರಿನ ಬಲೆ, ಒಂದು ಸೆಂಟಿಮೀಟರಿಗೆ 43 ಎಳೆ. ಆ ಅಳತೆಯ ಅಕ್ಷರದಲ್ಲಿ ‘ಧ’ದ ಸೀಳು ಅರ್ಧ ಮಿಲಿಮೀಟರು. ಅಷ್ಟು ಅಗಲಕ್ಕೆ ಸಿಗುವುದು ಎರಡೇ ಎಳೆ. ಬಿಳಿಯ ಎಳೆ ಬೆಳಕನ್ನು ತನ್ನೊಳಗೇ ಅಡ್ಡಡ್ಡ ಸಾಗಿಸಿ ಕಪ್ಪಿನ ಅಡಿಗೂ ನುಗ್ಗಿಸುತ್ತದೆ. ಇದನ್ನು ತಡೆಯಲೆಂದೇ ಹಳದಿ ಬಣ್ಣ ಹಾಕಿದ ಬಲೆಯೂ ಸಿಗುತ್ತದೆ, ಹಳದಿ ಎಳೆ ಅಂಥ ಬೆಳಕನ್ನು ಹೀರಿಕೊಳ್ಳುತ್ತದೆ. ಜೊತೆಗೆ ಲೇಸರ್ ಪ್ರಿಂಟಿನ ಕಪ್ಪು ಸಂಪೂರ್ಣ ಕಪ್ಪಲ್ಲ. ಹೊತ್ತು ಹೆಚ್ಚಾದರೆ ಅದರೊಳಗಿಂದಲೂ ಬಿಸಿಲು ಸೋರುತ್ತದೆ. ಎರಡೆಳೆಯಷ್ಟು ಸಣ್ಣ ಕಿಂಡಿ ಮುಚ್ಚಿಕೊಳ್ಳಲು ಅಷ್ಟೇ ಸಾಕು. ಪಾಸಿಟಿವನ್ನು ಎರಡು ಪದರ ಮಾಡುವ ರೂಢಿ, ಹಳದಿ ಬಲೆಯ ಒಂದು ಚೌಕಟ್ಟು, ಬಿಸಿಲಿನ ಲೆಕ್ಕದ ಒಂದು ಪುಸ್ತಕ, ಮೂರೂ ಆ ನಲವತ್ತು ಚೀಲಗಳಿಂದ ಬಂದವು. ಪುಸ್ತಕದಲ್ಲಿ ಪುಟ್ಟನ ದುಂಡಕ್ಷರ: ‘ಫೆಬ್ರುವರಿ, 12 ಗಂಟೆ, ಮೋಡ ಇಲ್ಲ, 80. ಮಾರ್ಚ್ ಕೊನೆ, 70. ನವೆಂಬರ್, ತೆಳು ಮೋಡ, 150.’

‘ಠ’ದ ಚುಕ್ಕಿ ನನ್ನನ್ನು ಇನ್ನೊಂದು ದಾರಿಗೂ ಹತ್ತಿಸಿತು. ರಟ್ಟಿನಲ್ಲಿ ‘ಠ’ ಕತ್ತರಿಸಿ ನೋಡಿ. ಹೊರಗಿನ ವೃತ್ತ ಕತ್ತರಿಸಿದ ಕೂಡಲೇ ಒಳಗಿನದೆಲ್ಲ ಬಿದ್ದುಹೋಗುತ್ತದೆ. ಉಳಿಸಿಕೊಳ್ಳಬೇಕೆಂದರೆ ಅಲ್ಲಲ್ಲಿ ಸೇತುವೆ ಬಿಡಬೇಕು. ಗೋಣಿಚೀಲದ ಮೇಲೆ, ಲಾರಿಯ ಹಿಂದೆ ರಟ್ಟಿಟ್ಟು ಬಳಿದ ಅಕ್ಷರಗಳು ತುಂಡುತುಂಡಾಗಿ ಕಾಣುವುದು ಆ ಸೇತುವೆಗಳಿಂದಲೇ. ಜಪಾನಿನಲ್ಲಿ ಕಿಮೊನೊ ಬಟ್ಟೆಗೆ ಚಿತ್ತಾರ ಹಾಕುವವರಿಗೂ ಇದೇ ಕಷ್ಟ ಎದುರಾಗಿತ್ತು. ಅವರ ಕತಗಾಮಿ ಎಂಬ ಕೊರೆದ ಕಾಗದದಲ್ಲಿ ತೆಳುವಾದ ಭಾಗಗಳು ಅಲುಗದಿರಲೆಂದು ಎರಡು ಕಾಗದದ ನಡುವೆ ರೇಷ್ಮೆ ಎಳೆಗಳನ್ನು ಹಾಯಿಸಿ ಅಂಟಿಸುತ್ತಿದ್ದರು. ಎಳೆ ಎಷ್ಟು ಸಣ್ಣದೆಂದರೆ ಬಟ್ಟೆಯ ಮೇಲೆ ಅದರ ಗುರುತೂ ಬೀಳದು. ಬಿಡಿಬಿಡಿ ಎಳೆಯ ಜಾಗದಲ್ಲಿ ಇಡೀ ಬಲೆಯನ್ನೇ ಬಿಗಿದರೆ ಅದು ನಮ್ಮ ಸ್ಕ್ರೀನು. ಚುಕ್ಕಿ ನಡುನೀರಿನ ದ್ವೀಪದಂತೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಆ ಕತಗಾಮಿ ಕಾಗದ ನೀರಿಗೆ ಜಗ್ಗದಂತೆ ಗಟ್ಟಿಯಾಗುವುದು ಕಾಕಿ (ಪರ್ಸಿಮನ್) ಹಣ್ಣಿನ ಒಗರು ರಸ ಕುಡಿದು. ಓದಿದಾಗ ನಮ್ಮ ಅಡಿಕೆ ಚೊಗರು ನೆನಪಾಯಿತು. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ, ಕೈಗೆ ತಾಗಿದರೆ ವಾರ ಹೋಗದ ಆ ಕೆಂಗಂದು ರಸದ ಸತ್ವವೂ ಅದೇ ಒಗರು, ಟ್ಯಾನಿನ್. ಇಲ್ಲೇ ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಅದೇ ಚೊಗರಿನಿಂದ ಬಣ್ಣ ಕಟ್ಟುತ್ತಾರೆ. ಎಲ್ಲಿಯ ಕಾಕಿ ಹಣ್ಣು, ಎಲ್ಲಿಯ ಅಡಿಕೆ. ಬಟ್ಟೆಯ ಮೇಲೆ ಏನಾದರೂ ನಿಲ್ಲಬೇಕೆಂದು ಹಟ ಹಿಡಿದ ಮನುಷ್ಯ ಎರಡೂ ಕಡೆ ಒಗರನ್ನೇ ಹುಡುಕಿಕೊಂಡು ಹೋಗಿದ್ದಾನೆ.

ಬಿಸಿಲಿಗೆ ಗಟ್ಟಿಯಾಗುವ ಅಂಟಿನ ಗುಟ್ಟು ತಿಳಿದದ್ದು ಫೋಟೋ ತೆಗೆಯುವವರಿಗೆ. ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಸವರಿದ ಕಾಗದ ಬಿಸಿಲಿಗೆ ಬಣ್ಣ ಬದಲಿಸುವುದನ್ನು ಕಂಡ. 1852ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್, ಅದೇ ಲವಣವನ್ನು ಜೆಲಟಿನ್‌ಗೆ ಬೆರೆಸಿ ಬಿಸಿಲಿಗೆ ಇಟ್ಟರೆ ಜೆಲಟಿನ್ ಕರಗದಂತಾಗುತ್ತದೆ ಎಂದು ತೋರಿಸಿದ. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆಯ ಬಲೆಯ ಮುದ್ರಣಕ್ಕೆ ಪೇಟೆಂಟ್ ಪಡೆದದ್ದು 1907ರಲ್ಲಿ. ಬಲೆ ಒಂದು ಕಡೆಯಿಂದ, ಬೆಳಕಿನ ಅಂಟು ಇನ್ನೊಂದು ಕಡೆಯಿಂದ ಬಂದು ಇಪ್ಪತ್ತನೆಯ ಶತಮಾನದಲ್ಲಿ ಕೂಡಿದವು. 1962ರಲ್ಲಿ ನ್ಯೂಯಾರ್ಕಿನ ಆಂಡಿ ವಾರ್ಹೋಲ್ ಇದೇ ವಿಧಾನದಲ್ಲಿ ಮರ್ಲಿನ್ ಮನ್ರೊ ಮುಖವನ್ನು ಕ್ಯಾನ್ವಾಸಿನ ಮೇಲೆ ಮತ್ತೆ ಮತ್ತೆ ಒತ್ತಿದ. ಆ ಚಿತ್ರಗಳೀಗ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ. ವಿಧಾನ ಮಾತ್ರ ಉಗ್ರಾಣಕ್ಕೂ ಒಗ್ಗುವಷ್ಟು ಸರಳವಾಗಿಯೇ ಉಳಿದಿದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಡೈಕ್ರೋಮೇಟ್ ಹರಳು ನೋಡಲು ಚೆಂದ, ಕಿತ್ತಳೆ ಬಣ್ಣ. ಅಗ್ಗವೂ ಹೌದು. ಅತ್ತಿಗೆಗೆ ಕೆಲಸ ಕಲಿಸಿದ ಹಿರಿಯರು ದಶಕಗಳ ಕಾಲ ಅದನ್ನು ಬರಿಗೈಯಲ್ಲೇ ಕದಡಿದ್ದರು. ಅವರ ಬೆರಳಸಂದಿಯ ಹುಣ್ಣು ಮಾಯುತ್ತಲೇ ಇರಲಿಲ್ಲ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಚರ್ಮ ಕೊರೆಯುತ್ತದೆ, ಧೂಳು ಉಸಿರಿಗೆ ಸೇರಿದರೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ‘ನೀನು ಇದನ್ನ ಮುಟ್ಟಬೇಡಮ್ಮ, ಡಯಾಜೊ ತಗೋ, ನಾಲ್ಕು ಕಾಸು ಹೆಚ್ಚಾದರೂ ಆಗಲಿ’ ಎಂದು ಮೊದಲ ದಿನವೇ ಹೇಳಿ ಕಳಿಸಿದ್ದರಂತೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಹರಿಯುವುದು ಬಾಳೆಯ ಬುಡಕ್ಕೆ, ಅಲ್ಲಿಂದ ತೋಟಕ್ಕೆ. ತೋಟದ ಕೆಳಗೆ ಬಾವಿ. ಮನೆಯಲ್ಲಿ ಈ ಕೆಲಸ ಮಾಡಬೇಕೆನ್ನುವವರು ಎಮಲ್ಷನ್ ಡಬ್ಬಿ ಕೊಳ್ಳುವಾಗ ಮೊದಲು ಕೇಳಬೇಕಾದ್ದು ದರವಲ್ಲ, ಒಳಗಿರುವ ಸೆನ್ಸಿಟೈಸರ್ ಯಾವುದು ಎಂದು. ನಾವು ಡಯಾಜೊ ಬಳಸಿಯೂ ಕೈಗವಸು ಹಾಕುತ್ತೇವೆ. ತೊಳೆದ ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಕೆಸರು ತಳಕ್ಕೆ ಇಳಿಸಿ, ಅದನ್ನು ಒಣಗಿಸಿ ಬೇರೆ ಎತ್ತಿಡುತ್ತೇವೆ.

ಸಂಜೆ ನಾಲ್ಕಕ್ಕೆ ಜಗಲಿಯಲ್ಲಿ ಅಚ್ಚಿನ ಕೆಲಸ ಶುರು. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಬಿಗಿದ ಬಟ್ಟೆ. ಮೇಜಿನಂಚಿಗೆ ಎರಡು ಹಿಂಜು, ಹಿಂಜಿಗೆ ಕಚ್ಚಿಸಿದ ಸ್ಕ್ರೀನು. ಚೌಕಟ್ಟಿನ ಮೂಲೆಗೆ ಒಂದೊಂದು ರಟ್ಟಿನ ಚೂರು ಅಂಟಿಸಿ ಬಟ್ಟೆಗೂ ಬಲೆಗೂ ನಡುವೆ ಎರಡು ಮಿಲಿಮೀಟರ್ ಸಂದಿ ಬಿಡುತ್ತಾರೆ. ಒತ್ತಿದ ಕಡೆ ಮಾತ್ರ ಬಲೆ ಬಟ್ಟೆಗೆ ತಾಗಿ, ಕೂಡಲೇ ಮೇಲೆದ್ದು ಬಿಡಬೇಕು. ತಾಗಿಕೊಂಡೇ ಇದ್ದರೆ ಅಕ್ಷರದ ಅಂಚು ಹರಡುತ್ತದೆ. ಬಣ್ಣ ಕುಂಕುಮಗೆಂಪು, ಬೈಂಡರಿಗೆ ಪಿಗ್ಮೆಂಟ್ ಬೆರೆಸಿದ್ದು. ಚಮಚದಲ್ಲಿ ಎತ್ತಿದರೆ ಮೊಸರಿನಂತೆ ಗಡ್ಡೆಯಾಗಿ ಬೀಳಬೇಕು, ಹಾಲಿನಂತೆ ಸುರಿಯಬಾರದು.

ಅತ್ತಿಗೆ ಎರಡೂ ಕೈಯಲ್ಲಿ ಸ್ಕ್ವೀಜಿ ಹಿಡಿದರು. ಮರದ ಹಿಡಿಕೆ, ತುದಿಗೆ ರಬ್ಬರಿನ ಪಟ್ಟಿ. ಮೊದಲು ಸ್ಕ್ರೀನನ್ನು ತುಸು ಎತ್ತಿ ಹಿಡಿದು, ಭಾರ ಹಾಕದೆ ಬಣ್ಣವನ್ನು ಅಕ್ಷರಗಳ ಮೇಲೆ ಹರಡಿದರು. ಆಮೇಲೆ ಇಳಿಸಿ, ಸ್ಕ್ವೀಜಿಯನ್ನು ಓರೆ ಮಾಡಿ, ಒಂದೇ ಭಾರದಲ್ಲಿ ತಮ್ಮ ಕಡೆಗೆ ಎಳೆದರು. ಸರ್‍ರ್ ಎಂದಿತು. ಬಲೆಯ ಕಿಂಡಿಗಳಲ್ಲಿ ಬಣ್ಣ ಸರಿಯಾಗಿ ಇಳಿದರೆ ಆ ಸದ್ದು ಮೊದಲಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ. ನಡುವೆ ಸದ್ದು ಒಡೆದರೆ ಅಲ್ಲಿ ಅಕ್ಷರ ಒಡೆದಿದೆ ಎಂದೇ ಅರ್ಥ. ಸ್ಕ್ರೀನು ಮೇಲೆದ್ದಿತು. ಹಳದಿ ಬಟ್ಟೆಯ ಮೇಲೆ ಕೆಂಪು ಕಳಸ, ಕೆಂಪು ತೋರಣ, ನಡುವೆ ಎರಡು ಹೆಸರು, ಹಸಿಹಸಿಯಾಗಿ ಹೊಳೆಯುತ್ತ.

ಅಣ್ಣ ಚೀಲ ಇಡುವವನು, ನಾನು ಎತ್ತುವವನು, ಪುಟ್ಟ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸುವವನು. ಯಾರೂ ನಿಲ್ಲುವಂತಿಲ್ಲ. ನೀರಿನ ಬಣ್ಣ ಬಲೆಯ ಕಿಂಡಿಯಲ್ಲಿ ನಿಂತರೆ ಒಣಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಅಚ್ಚು ಹಾಕುವಾಗ ಜಗಲಿಯ ಫ್ಯಾನು ತಿರುಗುವುದಿಲ್ಲ, ಎಲ್ಲರ ಬೆನ್ನೂ ಬೆವರಿನಲ್ಲಿ ಅದ್ದಿರುತ್ತದೆ. ಇಪ್ಪತ್ತು ಚೀಲಕ್ಕೊಮ್ಮೆ ಅತ್ತಿಗೆ ಒದ್ದೆಬಟ್ಟೆಯಲ್ಲಿ ಸ್ಕ್ರೀನಿನ ಹೊರಮುಖ ಒರೆಸಿ, ಅಮ್ಮನತ್ತ ಒಂದು ಚೀಲ ಚಾಚುತ್ತಾರೆ. ಅಮ್ಮ ‘ಧು’ ನೋಡಿ ತಲೆಯಾಡಿಸುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಅಂಗಳದ ಮೂರು ಹಗ್ಗ, ಹಿತ್ತಿಲ ಎರಡು ಹಗ್ಗ ತುಂಬಿದ್ದವು. ಮರುದಿನ ಒಂದೊಂದರ ಮೇಲೂ ಕಾಗದ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಓಡಿಸಬೇಕು. ಆ ಶಾಖಕ್ಕೇ ಬೈಂಡರು ಬಟ್ಟೆಯ ನೂಲನ್ನು ಕಚ್ಚುವುದು. ಇಸ್ತ್ರಿ ತಪ್ಪಿಸಿದ ಚೀಲ ಮೂರನೆಯ ಒಗೆತಕ್ಕೆ ಬೋಳಾಗುತ್ತದೆ.

ಶಿವಮೊಗ್ಗದಲ್ಲಿ ಒಂದೇ ದಿನಕ್ಕೆ ಸಾವಿರ ಚೀಲ ಹೊರಹಾಕುವ ಯಂತ್ರಗಳಿವೆ. ಮುನ್ನೂರಕ್ಕೆ ನಮಗೆ ನಾಲ್ಕು ದಿನ ಬೇಕು. ಆದರೂ ಜನ ಹೊಳೆ ದಾಟಿ, ಬಸ್ಸು ಬದಲಿಸಿ ನಮ್ಮಲ್ಲಿಗೆ ಬರುವುದನ್ನು ನೋಡಿದ್ದೇನೆ. ಬಂದವರು ಹೆಸರು ಬರೆಸುವಾಗ ಅಮ್ಮ ಪಕ್ಕದಲ್ಲಿ ಕೂತು ಕೇಳುತ್ತಾಳೆ: ‘ವಿದ್ಯಾಧರನೋ, ವಿದ್ಯಾದರನೋ? ಸರಿಯಾಗಿ ಹೇಳಿ.’ ಮಕ್ಕಳ ಹೆಸರನ್ನು ಇನ್ನೊಬ್ಬರು ಇಷ್ಟು ಜೋಪಾನವಾಗಿ ಕೇಳಿಕೊಂಡಾಗ ತಂದೆಯ ಮುಖದಲ್ಲಿ ಕಾಣುವ ನೆಮ್ಮದಿಯನ್ನು ನಾನು ಕಂಡಿದ್ದೇನೆ. ಅತ್ತಿಗೆಯ ಕೆಲಸ ನನಗೆ ದೊಡ್ಡದೆನಿಸುವುದು ಅದರ ಸಲುವಾಗಿ. ಒಂದು ಹೆಸರಿನ ಒಂದು ಸೀಳಿಗೆ ಬೇಕಾದಷ್ಟೇ ಬಿಸಿಲು, ಅದಕ್ಕೆ ಬೇಕಾದಷ್ಟೇ ನೆರಳು. ಇಷ್ಟನ್ನು ಲೆಕ್ಕ ಹಿಡಿದು ಕಾಯುವ ಮನೆಯೊಂದಿದೆ ಎಂಬುದೇ ಆ ಹೆಸರಿಗೆ ಸಲ್ಲುವ ಮರ್ಯಾದೆ.

ಚೀಲ ಹೋದ ಮೇಲೆ ಸ್ಕ್ರೀನನ್ನು ಅಳಿಸಬೇಕು. ಪರ್‌ಅಯೊಡೇಟ್ ಲವಣ ಕದಡಿದ ದ್ರಾವಣವನ್ನು ಎರಡೂ ಮುಖಕ್ಕೆ ಉಜ್ಜಿ, ಎರಡು ನಿಮಿಷ ಬಿಟ್ಟು ನೀರು ಹೊಡೆದರೆ, ಬಿಸಿಲು ಹೆಣೆದದ್ದೆಲ್ಲ ಬಿಚ್ಚಿಕೊಂಡು ಹಸಿರು ಕೆನೆಯಾಗಿ ಇಳಿದುಹೋಗುತ್ತದೆ. ಬಲೆ ಮತ್ತೆ ಬಿಳಿ. ಪೂರ್ತಿ ಬಿಳಿ ಅಲ್ಲ. ಬಣ್ಣದ ಕಣಗಳು ಎಳೆಗೆ ಹಿಡಿದ ಕಡೆ ಹಳೆಯ ಅಕ್ಷರಗಳ ಮಸುಕು ಗುರುತು ಉಳಿದಿರುತ್ತದೆ. ಅಚ್ಚಿಗೆ ಅದರಿಂದ ತೊಂದರೆಯಿಲ್ಲ, ಕಿಂಡಿ ತೆರೆದೇ ಇರುತ್ತದೆ. ದೀಪಕ್ಕೆ ಹಿಡಿದರೆ ಮಾತ್ರ ಹೋದ ಚಳಿಗಾಲದಿಂದ ಈಚೆಗೆ ಮದುವೆಯಾದ ಏಳೆಂಟು ಜೋಡಿಗಳ ಹೆಸರು ಒಂದರ ಮೇಲೊಂದು, ತಿಳಿಗೆಂಪಾಗಿ ಕಾಣುತ್ತವೆ.

ಮೊನ್ನೆ ಮೇ ತಿಂಗಳ ಕೊನೆಯಲ್ಲಿ ಅತ್ತಿಗೆ ಹಾಗೆ ಅಳಿಸಿದ ಚೌಕಟ್ಟನ್ನು ಜಗಲಿಯಲ್ಲಿ ಒಣಗಲು ಇಟ್ಟಿದ್ದರು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಎಮಲ್ಷನ್ ಎರಡು ದಿನವಾದರೂ ಒಣಗುವುದಿಲ್ಲ, ಒಣಗಿದರೂ ಬಿಸಿಲಿಲ್ಲ. ಪಕ್ಕದೂರಿನ ಶಾಲೆಯವರು ಬಂದು ಚೀಟಿಯೊಂದನ್ನು ಕೊಟ್ಟು ಹೋಗಿದ್ದರು. ಶಾಲೆಗೆ ನೂರು ವರ್ಷವಂತೆ, ಬಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಂದೊಂದು ಚೀಲ. ಅಮ್ಮ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ‘ಪ್ರಾಥಮಿಕ ಪಾಠಶಾಲೆ’ ಎಂದು ಬಿಡಿಸಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿ ಆಕಾಶ ನೋಡಿದಳು.

‘ಥಕಾರ ಇದೆ, ಠಕಾರವೂ ಇದೆ ಕಣೆ. ಇವತ್ತು ರಾತ್ರಿಯೇ ಬಳಿದುಬಿಡು. ನಾಳೆ ಮಧ್ಯಾಹ್ನದವರೆಗಾದರೂ ಬಿಸಿಲು ಇದ್ದೀತು.’

ಅತ್ತಿಗೆ ಒಣಗಿದ ಬಲೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ, ಪುಟ್ಟನನ್ನು ಕೂಗಿದರು. ಬಿಸಿಲಿನ ಪುಸ್ತಕದಲ್ಲಿ ಹೋದ ವರ್ಷದ ಮೇ ತಿಂಗಳ ಪುಟ ತೆಗೆಯಬೇಕಿತ್ತು.